ನಾಳಿದ್ದಿನ ಅಪಾಯಿಂಟ್‌ಮೆಂಟ್

ಅಜ್ಜಿ ಹೇಳುವ ಕಥೆಗಳಲ್ಲಿ ರಾಜಕುಮಾರಿ ಯಾವಾಗಲೂ ಏಳು ಸಮುದ್ರದಾಚೆ ಇರುತ್ತಾಳೆ...

ಕಸ್ತೂರಿ ಇದ್ದದ್ದು ಒಂದೇ ಒಂದು ಸಮುದ್ರದಾಚೆ. ಗಲ್ಫ್‌ನ ಒಂದು ಊರಿನಲ್ಲಿ, ಶಾಲೆಯ ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ.

ಪ್ರತಿ ಶುಕ್ರವಾರ ಗದಗದ ಹತ್ತಿರದ ಹಳ್ಳಿಯಿಂದ ಅವ್ವ ಫೋನಿನಲ್ಲಿ ಒಂದು ಕಥೆ ಹೇಳುತ್ತಿದ್ದಳು. ಅರ್ಧಕ್ಕೆ ನಿಲ್ಲಿಸಿ, "ಉಳಿದದ್ದು ನೀ ಬಂದ ಮ್ಯಾಲೆ" ಅನ್ನುತ್ತಿದ್ದಳು. ಮಗಳು ಬರಲಿ ಅನ್ನುವುದಕ್ಕೆ ಅವ್ವ ಹೂಡಿದ ಉಪಾಯ ಅದು...

ಅವತ್ತು ಬೆಳಗಿನ ಜಾವ ಅಣ್ಣ ಶೇಖಪ್ಪನ ಫೋನ್ ಬಂತು.

"ಅವ್ವಗ ಆರಾಮಿಲ್ಲ ತಂಗಿ... ಭಾಳ ಸೀರಿಯಸ್ ಐತಿ. ಇವತ್ತ ಹೊಂಟ್ ಬಾ."

ಪೆಟ್ಟಿಗೆಯಿಂದ ಪಾಸ್‌ಪೋರ್ಟ್ ತೆಗೆದು ನೋಡಿದರೆ... ಅದರ ಅವಧಿಯೇ ಮುಗಿದುಹೋಗಿತ್ತು. ಯಾರದೋ ಮಕ್ಕಳ ಅಂಗಿಗೆ ಗುಂಡಿ ಹಚ್ಚುತ್ತಾ ಕೂತವಳಿಗೆ ಅದರ ನೆನಪೇ ಉಳಿದಿರಲಿಲ್ಲ.

ಆನ್‌ಲೈನ್‌ನಲ್ಲಿ ದೂತಾವಾಸದ ಅಪಾಯಿಂಟ್‌ಮೆಂಟ್ ಆ ತಿಂಗಳು ಪೂರ್ತಿ ಸಿಗುವಂತಿರಲಿಲ್ಲ. ಹಾಗೇ ಓಡಿದಳು. ಬಾಗಿಲಲ್ಲಿ ಕೈಮುಗಿದಳು... ಒಳಗೆ ಬಿಟ್ಟರು.

ಕೌಂಟರಿನಲ್ಲಿದ್ದ ವನಮಾಲಾ ಮೈಸೂರು ಕಡೆಯವಳು. ಕನ್ನಡ ಕಿವಿಗೆ ಬಿದ್ದದ್ದೇ ಕಸ್ತೂರಿಗೆ ಅರ್ಧ ದಾರಿ ದಾಟಿದಂತಾಯಿತು.

"ಕಾಯಿಲೆ ಅಂದ್ರೆ ನಾಳಿದ್ದಿಗೆ ಅಪಾಯಿಂಟ್‌ಮೆಂಟ್ ಹಾಕ್ಕೊಡ್ತೀನಿ ಕಣಮ್ಮಾ. ಅದಕ್ಕೂ ಮುಂಚೆ ನನ್ನ ಕೈಲಾಗಲ್ಲ. ಮನೇಲಿ ಯಾರಾದ್ರೂ ತೀರಿಹೋಗಿದ್ರೆ ಮಾತ್ರ ಅಪಾಯಿಂಟ್‌ಮೆಂಟ್ ಬೇಡ... ಊರಿಂದ ಒಂದು ಸಾಲು ಬರೆದು ಕಳಿಸಿದ್ರೂ ಸಾಕು, ಸಂಜೆಗೇ ಪಾಸ್‌ಪೋರ್ಟ್ ಕೊಡ್ತೀವಿ."

"ನಮ್ಮವ್ವ ಅದಾಳ್ರಿ" ಅಂದಳು ಕಸ್ತೂರಿ. ದನಿಯಲ್ಲಿ ಸಿಟ್ಟಿತ್ತು.

ಬೆಂಚಿನ ಮೇಲೆ ಕೂತಿದ್ದ ಮಂಗಳೂರು ಕಡೆಯ ಡ್ರೈವರ್ ಒಬ್ಬ ಅವಳತ್ತ ಬಾಗಿ ಪಿಸುಗುಟ್ಟಿದ.

"ಎಂತ ಅಕ್ಕ, ಇಷ್ಟೂ ಗೊತ್ತಾಗುವುದಿಲ್ವಾ? ತೀರಿಹೋದರು ಅಂತ ಮನೆಯಿಂದ ಒಂದು ಮೆಸೇಜ್ ಹಾಕಿಸಿ ಮಾರಾಯ್ರೆ. ನನ್ನ ಅಜ್ಜಿಯನ್ನು ನಾನು ಇಲ್ಲಿ ಎರಡು ಸಲ ಕೊಂದಿದ್ದೇನೆ. ಅವರು ಊರಲ್ಲಿ ಇನ್ನೂ ಮೀನು ಸಾರು ಮಾಡ್ತಾ ಇದ್ದಾರೆ."

ಅಂಥ ಹೊತ್ತಲ್ಲೂ ಅವಳಿಗೆ ನಗು ಬಂತು... ಹಿಂದೆಯೇ ಹೆದರಿಕೆಯೂ ಬಂತು.

ಆದರೆ ಅವ್ವನ ಮುಖ ನೋಡುವ ಆಸೆ ದೊಡ್ಡದು. ಅಣ್ಣನಿಗೆ ಫೋನ್ ಹಚ್ಚಿದಳು.

"ಅಣ್ಣಾ, ಅವ್ವ ತೀರಿಕೊಂಡ್ಲು ಅಂತ ನೀ ಒಂದ್ ಸಾಲ್ ಬರದು ಕಳಿಸಿದ್ರ ಇವತ್ತ ಪಾಸ್‌ಪೋರ್ಟ್ ಕೊಡ್ತಾರಂತ. ನಾಳೆ ಹೊತ್ತೇರೂದ್ರಾಗ ಮನ್ಯಾಗಿರ್ತೀನಿ."

ಆ ಕಡೆ, ಅಣ್ಣನ ಹಿಂದೆಲ್ಲೋ ತಾಳದ ಸದ್ದು, ಭಜನೆ.

"ಸುಳ್ಳಾದ್ರೂ ಹಂಗ ಬರಿಯಾಕ ನಿನಗ ಕೈ ಬರ್ತೈತೇನು?" ಕಸ್ತೂರಿಯೇ ಕೇಳಿದಳು.

"...ಇಲ್ಲ ತಂಗಿ. ನನ್ನ ಕೈಲೆ ಆಗೂದಿಲ್ಲ."

"ನನಗೂ ಬಾಯಿ ಬರವಲ್ದು. ಬಿಡು, ನಾಳಿದ್ದ ಪಾಸ್‌ಪೋರ್ಟ್ ತಗೊಂಡ ಬರ್ತೀನಿ... ಭಜನಿ ಎಲ್ಲಿ ನಡದೈತಿ?"

"ಗುಡ್ಯಾಗ."

"ಅವ್ವಗ ಫೋನ್ ಕೊಡು."

"ಕಣ್ ಮುಚ್ಯಾಳ. ಎಬ್ಬಸೂದು ಬ್ಯಾಡ."

"ಹಂಗಾರ ಕಿವ್ಯಾಗ ಹೇಳು... ಉಳಿದ ಅರ್ಧ ಕಥಿ ಹಂಗ ಇಟ್ಟಿರು, ಕಸ್ತೂರಿ ಬರಾಕತ್ಯಾಳ ಅಂತ."

ನಾಳಿದ್ದಿನ ಅಪಾಯಿಂಟ್‌ಮೆಂಟ್ ಬರೆಸಿಕೊಂಡು ಹೊರಗೆ ಬಂದಳು. ಒಳಗೊಳಗೇ ಒಂದು ಹೆಮ್ಮೆ... ಬದುಕಿರುವ ಅವ್ವನನ್ನು ನಾನು ಬಾಯಿಮಾತಿಗೂ ಸಾಯಿಸಲಿಲ್ಲ, ನನ್ನ ಅಣ್ಣನೂ ಸಾಯಿಸಲಿಲ್ಲ.

ಕಾಯುವ ದಿನಗಳಲ್ಲಿ ಸುಮ್ಮನೆ ಕೂರಲಾಗಲಿಲ್ಲ. ಅವ್ವನಿಗೆ ಸೀರೆಯ ಜೊತೆ ತೊಡಲು ಒಂದು ಮೆತ್ತನೆಯ ಕುಬಸ ಹೊಲಿದಳು. ಕಾಯಿಲೆಯವಳಿಗೆ ಗಂಟು ಹಾಕುವುದು ಕಷ್ಟವೆಂದು ಮುಂದೆ ಗುಂಡಿ ಇಟ್ಟಳು.

ಪಾಸ್‌ಪೋರ್ಟ್ ಬಂತು. ವಿಮಾನದಲ್ಲಿ ಕುಬಸವನ್ನು ಮಡಿಲಲ್ಲೇ ಇಟ್ಟುಕೊಂಡು ಬಂದಳು...

ಮನೆಯ ಮುಂದಿನ ಕಟ್ಟೆಯ ಮೇಲಿದ್ದವರೆಲ್ಲ ಅವಳನ್ನು ಕಂಡು ಎದ್ದು ನಿಂತರು. ಒಬ್ಬರೂ ಮುಖ ಎತ್ತಲಿಲ್ಲ.

ಪಡಸಾಲೆಯಲ್ಲಿ ಅವ್ವ ಮಲಗುತ್ತಿದ್ದ ಹೊರಸನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು...

"ಯಾವಾಗ, ಅಣ್ಣಾ?"

"ನಾ ಮೊದಲ ಫೋನ್ ಮಾಡೂದ್ರಾಗ ಹೋಗಿದ್ಲು ತಂಗಿ... ಖರೇ ಹೇಳಿದ್ರ ಅಷ್ಟ್ ದೂರದಿಂದ ಒಬ್ಬಾಕೀನ ಅಳಕೋಂತ ಹೆಂಗ ಬರ್ತಿ ಅಂತ ಹೇಳಲಿಲ್ಲ."

"ಆ ಭಜನಿ?"

"ನಮ್ಮ ನಡುಮನ್ಯಾಗ. ನೀ ಫೋನ್ ಮಾಡಿದಾಗ ಅವ್ವನ್ನ ಮಾಲಿ ಹಾಕಿ ಅಲ್ಲೇ ಕುಂದರ್ಸಿದ್ವಿ, ನಿನ್ನ ಹಾದಿ ಕಾಯಕೋಂತ. ನೀ ನಾಳಿದ್ದ ಅಂದಿ... ಅಷ್ಟೊತ್ತು ಹೆಂಗ ಇಟ್ಕೊಳ್ಳಲಿ? ಅವತ್ತ ಸಂಜಿಗೆ ಮಣ್ಣಿಗೆ ಒಯ್ದ್ವಿ."

ಕಸ್ತೂರಿ ಅಳಲಿಲ್ಲ. ಮೆಲ್ಲಗೆ ಅಂದಳು...

"ಒಂದ ಸಾಲು ಕೇಳಿದ್ನಲ್ಲ ಅಣ್ಣಾ. ನಾ ಸುಳ್ಳಂತ ಕೇಳಿದ್ದೆ... ಅದು ಖರೇನ ಇತ್ತಲ್ಲ."

ಶೇಖಪ್ಪ ಕುಸಿದು ಕೂತ. ದೊಡ್ಡ ಆಳು, ಮಗುವಿನಂತೆ ಅತ್ತ.

"ನನ್ನಿಂದ ತಪ್ಪಾತು ತಂಗಿ, ಬರದ್ರ ನಿನಗ ಖರೇ ತಿಳದೀತು ಅಂತ ಅಂಜಿದೆ... ಆದ್ರ ನೀ ಕಿವ್ಯಾಗ ಹೇಳು ಅಂದದ್ದು ಹೇಳೀನಿ. ಕಸ್ತೂರಿ ಬರಾಕತ್ಯಾಳ ಅಂತ ಹೇಳೀನಿ."

ಸಂಜೆ ಹೊಲದ ಅಂಚಿಗೆ ಹೋದಳು. ಅವ್ವನ ಮೇಲಿನ ಮಣ್ಣು ಆಗಲೇ ಒಣಗಿ ಬಿರಿದಿತ್ತು. ಊರೆಲ್ಲ ಒಂದೊಂದು ಹಿಡಿ ಮಣ್ಣು ಕೊಟ್ಟಿತ್ತು... ಅವಳೊಬ್ಬಳದು ಬಾಕಿ ಇತ್ತು.

ಕುಬಸವನ್ನು ಮಣ್ಣಿನ ಮೇಲೆ ಹಾಸಿ, ಗುಂಡಿಗಳನ್ನು ಒಂದೊಂದಾಗಿ ಹಾಕಿದಳು.

ಆಮೇಲೆ ತನ್ನ ಒಂದು ಹಿಡಿ ಮಣ್ಣು ಕೊಟ್ಟು, ಪಕ್ಕದಲ್ಲೇ ಕೂತಳು... ಅರ್ಧಕ್ಕೆ ನಿಂತ ಕಥೆ ಇನ್ನೇನು ಮುಂದುವರಿಯುತ್ತದೆ ಎಂಬಂತೆ.

* * *

ಮುಚ್ಚಿಟ್ಟ ಮಾತು ನೋವನ್ನು ತಡೆಯುವುದಿಲ್ಲ... ಕೊನೆಯ ಭೇಟಿಯನ್ನು ಮಾತ್ರ ತಡೆಯುತ್ತದೆ.

ನಿಮ್ಮವರಿಗೆ ನೋವಾಗುತ್ತದೆಂದು ಇವತ್ತು ನೀವು ಯಾವ ಮಾತನ್ನು ನುಂಗಿಕೊಂಡು ಕೂತಿದ್ದೀರಿ?