ವಿಕೆಟ್ ಹಿಂದೆ

ಇಬ್ಬರು ಹುಡುಗರಲ್ಲಿ ಒಬ್ಬನನ್ನು ವಿಕೆಟ್‌ಕೀಪರ್ ಆಗಿ ಆರಿಸಬೇಕಿತ್ತು. ಒಬ್ಬನ ಕೀಪಿಂಗ್ ಚೊಕ್ಕ, ಬ್ಯಾಟಿಂಗ್ ಸಾಧಾರಣ. ಇನ್ನೊಬ್ಬ ಹಳೆಯ ಕೀಪರ್ ಸಂಪತ್‌ನ ಕಿರಿಮಗ. ಬ್ಯಾಟ್ ಹಿಡಿದರೆ ಹುಲಿ, ಸ್ಪಿನ್ ಬಂದರೆ ಮಾತ್ರ ಚೆಂಡು ಅವನ ಗ್ಲೌಸಿನಲ್ಲಿ ನಿಲ್ಲುತ್ತಿರಲಿಲ್ಲ.

"ಸಂಪತ್‌ನ ಮಗನೇ ಇರ್ಲಿ," ಎಂದರು ಹಿರಿಯ ಆಯ್ಕೆಗಾರರು.

ಜೊತೆಗಿದ್ದವನು ಬೆರಗಾದ. "ಏನ್ ಸಾರ್! ಅವರಪ್ಪ ನಿಮ್ ಸ್ಪಿನ್ ಬೌಲಿಂಗಲ್ಲಿ ಸಾಲುಸಾಲಾಗಿ ಸ್ಟಂಪಿಂಗ್ ಬಿಟ್ಟಿದ್ದಕ್ಕೇ ಅಲ್ವಾ ನಿಮ್ಮನ್ನ ಟೀಮಿಂದ ತೆಗೆದಿದ್ದು?"

"ಹೌದು. ವಿಕೆಟ್ ಬೀಳ್ತಿಲ್ಲ ಅಂತ ನನ್ನ ಓಡಿಸಿದ್ರು, ಬ್ಯಾಟ್ ಮಾಡ್ತಾನೆ ಅಂತ ಅವನನ್ನ ಇಟ್ಕೊಂಡ್ರು. ತಪ್ಪು ನಂದು ಅಂತ ಬಾಯಿ ಬಿಡಲಿಲ್ಲ ಆ ಪುಣ್ಯಾತ್ಮ."

"ಮತ್ತೆ, ಕ್ಷಮಿಸಿಬಿಟ್ರಾ?"

ಅವರು ಕಾಫಿ ಲೋಟ ಕೆಳಗಿಟ್ಟರು.

"ನಮ್ಮ ಟೀಮಲ್ಲಿ ಸ್ಪಿನ್ ಹಾಕೋನು ಸಂಪತ್‌ನ ದೊಡ್ಡ ಮಗ ಅಲ್ವೇನಯ್ಯಾ? ಅಣ್ಣನ ಬೌಲಿಂಗಿಗೆ ತಮ್ಮನೇ ಕೀಪಿಂಗ್ ಮಾಡ್ಲಿ. ಅಪ್ಪ ಕೂತು ನೋಡ್ಲಿ."