ರಾಸಿಯಿಲ್ಲದ ಕೈ

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಇನ್ನೂ ಕಾಲು ಗಂಟೆ ಇರುವಾಗ ಮಾರಿಯಮ್ಮನ ಫೋನು ಬಂತು. ಸಿಂಗಾನಲ್ಲೂರಿನಲ್ಲಿ ಬಸ್ಸು ಹತ್ತುವಾಗ ಮೊಣಕಾಲು ಕಟಕ್ಕೆಂದಿತಂತೆ. ವಾಪಸು ಮನೆಗೆ ಹೋಗಿ ಕಾಲು ಚಾಚಿ ಕೂತಿದ್ದಾಳಂತೆ. "ನನ್ನನ್ನ ಕಾಯ್ಬೇಡಿ. ಹತ್ತೂವರೆಗೆ ರಾಹುಕಾಲ ಶುರುವಾಗತ್ತೆ. ಈ ಸಲ ಶಿವಗಾಮಿನೇ ಲಾಳಿ ಹೊಡೀಲಿ," ಎಂದಳು.

ಸೂಲೂರಿನ ಆ ಮನೆಯ ಮಗ್ಗದ ಮುಂದೆ ನಿಂತಿದ್ದವರು ಮೂವರು: ಮಾರಿಯಮ್ಮನ ತಮ್ಮ ಸೋಮಸುಂದರಂ, ಅವನ ಹೆಂಡತಿ ಶಿವಗಾಮಿ, ಮಗಳು ಅಭಿನಯಾ. ಮಗ್ಗದ ಮೇಲೆ ಅಭಿನಯಾಳ ಮುಹೂರ್ತದ ಸೀರೆಯ ಹೊಸ ಪಾವು, ಎಂದರೆ ಉದ್ದದ ಎಳೆಗಳು, ಬಿಗಿಯಾಗಿ ಹರಡಿ ಕೂತಿತ್ತು. ಹೊಸ ಪಾವಿಗೆ ಮೊದಲ ಲಾಳಿಯನ್ನು ಮನೆಯ ಹೆಣ್ಣೇ ಹೊಡೆಯಬೇಕು. ಮದುಮಗಳು ಮಾತ್ರ ತನ್ನ ಸೀರೆಗೆ ತಾನೇ ಕೈ ಹಾಕುವಂತಿಲ್ಲ. ಇದು ಆ ಮನೆಯಲ್ಲಿ ನಡೆದುಬಂದ ರೂಢಿ. ಈ ಹೊತ್ತು ತಪ್ಪಿದರೆ ಒಳ್ಳೆಯ ಹೊತ್ತು ಇನ್ನೊಂದು ವಾರಕ್ಕೆ. ಮದುವೆಗೆ ಉಳಿದಿದ್ದದ್ದೇ ಇಪ್ಪತ್ತು ದಿನ.

"ಆಗಲ್ಲ," ಎಂದು ಶಿವಗಾಮಿ ಎರಡು ಹೆಜ್ಜೆ ಹಿಂದೆ ಸರಿದಳು. "ನಂದು ರಾಸಿಯಿಲ್ಲದ ಕೈ, ಅದೃಷ್ಟಗೆಟ್ಟ ಕೈ. ಊರಿಗೇ ಗೊತ್ತು."

"ಊರಿಗೆ ಹೇಳಿದ್ದು ನೀನೇ ಅಲ್ವಾಮ್ಮಾ," ಎಂದಳು ಅಭಿನಯಾ.

ಮಗಳ ಮಾತು ಸುಳ್ಳಲ್ಲ. ಮದುವೆಯಾಗಿ ಬಂದ ವಾರವೇ ಶಿವಗಾಮಿ ಹೊಡೆದ ಮೊದಲ ಲಾಳಿಗೆ ಹನ್ನೊಂದು ಎಳೆ ಹರಿದಿದ್ದವು. "ಈ ಹುಡುಗಿ ಕೈಗೆ ರಾಸಿಯಿಲ್ಲ," ಎಂದು ಅತ್ತೆ ಒಂದೇ ಒಂದು ಸಲ ಅಂದಿದ್ದರು. ಅಂದಿನಿಂದ ಪ್ರತಿ ಹೊಸ ಪಾವಿಗೂ ಮಾರಿಯಮ್ಮನೇ ಬಂದು ಲಾಳಿ ಹೊಡೆದು ಹೋಗುತ್ತಿದ್ದಳು. ಅತ್ತೆ ತೀರಿಕೊಂಡರು, ಅವರ ಮಾತನ್ನು ಮಾತ್ರ ಇಪ್ಪತ್ತಾರು ವರ್ಷ ಶಿವಗಾಮಿಯೇ ಸಾಕಿ ಬೆಳೆಸಿದಳು. ಬೇರೆ ಹೆಂಗಸರು ತವರಿನ ದೊಡ್ಡಸ್ತಿಕೆ ಹೇಳಿಕೊಳ್ಳುವಷ್ಟು ಮುತುವರ್ಜಿಯಿಂದ ತನ್ನ ಕೆಟ್ಟ ಕೈಯ ಕಥೆ ಹೇಳಿಕೊಳ್ಳುವಳು. ಪಕ್ಕದ ಮನೆಯ ಕರಿಬೇವಿನ ಗಿಡ ಒಣಗಿದರೂ, "ಅಯ್ಯೋ, ಹೋದ ವಾರ ನಾನೇ ಮುಟ್ಟಿದ್ದೆ," ಎಂದು ಮುಂದೆ ನಿಂತು ತಪ್ಪೊಪ್ಪಿಕೊಳ್ಳುವಳು.

ಸೋಮಸುಂದರಂ ಗಡಿಯಾರ ನೋಡಿದ. "ಹೊಡೆದುಬಿಡೇ, ಟೈಮಾಗ್ತಿದೆ."

"ಹರಿದ್ರೆ? ಮಗಳು ಉಟ್ಟು ಮಣೆ ಮೇಲೆ ಕೂರೋ ಸೀರೆ ರೀ ಇದು!"

"ಅಮ್ಮಾ, ನಿನ್ನೆ ಮೊನ್ನೆ ಬೆನ್ನು ಬಗ್ಗಿಸಿ ಕೂತು ಹಳೇ ಪಾವಿನ ತುದಿಗೆ ಹೊಸದನ್ನ ಹೊಸೆದು ಸೇರಿಸಿದ್ದು ಯಾರು?" ಎಂದು ಅಭಿನಯಾ ಕೇಳಿದಳು.

"ನಾನೇ. ಇನ್ಯಾರು ಮಾಡ್ತಾರೆ?"

"ಎಷ್ಟು ಎಳೆ?"

"ನಾಲ್ಕು ಸಾವಿರ." ಹೇಳಿದ ಮೇಲೆ ಶಿವಗಾಮಿಗೆ ಮಗಳ ಉಪಾಯ ಹೊಳೆಯಿತು. "ಅದು ಕೆಲಸ ಕಣೇ. ಕೆಲಸಕ್ಕೆ ರಾಸಿ ಯಾಕೆ?"

"ಓಹೋ. ದುಡಿಯೋ ಕೈ ಬೇರೆ, ರಾಸಿ ಕೈ ಬೇರೆ. ಎರಡು ಜೊತೆ ಇಟ್ಕೊಂಡಿದ್ದೀಯಾ?"

ಶಿವಗಾಮಿಗೆ ನಗು ಬಂತು. ತುಟಿ ಕಚ್ಚಿ ತಡೆದಳು. ಫೋನು ಇನ್ನೂ ಸ್ಪೀಕರಿನಲ್ಲೇ ಇತ್ತು. ಅಲ್ಲಿಂದ ಮಾರಿಯಮ್ಮ ಗಂಟಲು ಸರಿಮಾಡಿಕೊಂಡಳು.

"ಏ ಶಿವಗಾಮಿ, ನನ್ನ ಕೈ ಏನು ಚಿನ್ನದ್ದಾ? ನನ್ನ ಗಂಡನ ಮನೇಲಿ ಹೊಸ ಪಾವು ಹಾಕಿದ ದಿನ ನನ್ನನ್ನ ಬೇಕಂತಲೇ ಸಂತೆಗೆ ಕಳಿಸ್ತಾ ಇದ್ರು."

"ಯಾಕಕ್ಕಾ?"

"ಇನ್ಯಾಕೆ? ನನ್ನ ಕೈಗೂ ರಾಸಿಯಿಲ್ವಂತೆ! ನಮ್ಮತ್ತೆಗೆ ಅವರ ಮಗಳ ಕೈನೇ ಆಗ್ಬೇಕು. ಪಲ್ಲಡಂನಿಂದ ಬರ್ತಾ ಇದ್ಳು, ಮಹಾರಾಣಿ ಹಾಗೆ."

"ಇಷ್ಟು ವರ್ಷ ಒಂದು ಮಾತು ಹೇಳಲಿಲ್ವಲ್ಲ ನೀವು!"

"ಹೇಳಿದ್ರೆ ವರ್ಷಕ್ಕೆ ನಾಲ್ಕು ಸಲ ನನ್ನನ್ನ ಕರೆಸಿ ಒಬ್ಬಟ್ಟು ಬಡಿಸೋರು ಯಾರು?"

ಸೋಮಸುಂದರಂ ಗೊಳ್ಳೆಂದು ನಕ್ಕ. ಅಭಿನಯಾ ನಗಲಿಲ್ಲ. ಅವಳು ಸೊಸೆಯಾಗಿ ಹೋಗಲಿದ್ದ ತಿರುಪ್ಪೂರಿನ ಮನೆಯಲ್ಲೂ ಎರಡು ಮಗ್ಗಗಳಿದ್ದವು, ಒಬ್ಬ ನಾದಿನಿಯೂ ಇದ್ದಳು.

"ಹಾಗಾದ್ರೆ ಅತ್ತೆ, ಇನ್ನು ಇಪ್ಪತ್ತು ದಿನಕ್ಕೆ ನನ್ನ ಕೈಯ ರಾಸಿನೂ ಹೋಗತ್ತಾ?" ಫೋನಿನತ್ತ ಬಾಗಿ ಕೇಳಿದ್ದೇನೋ ತಮಾಷೆಗೇ. ಆದರೆ ಕೇಳುತ್ತ ತನ್ನ ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು.

ಅದು ಶಿವಗಾಮಿಯ ಕಣ್ಣಿಗೆ ಬಿತ್ತು. ಇಪ್ಪತ್ತಾರು ವರ್ಷದ ಹಿಂದೆ, ಇದೇ ಮಗ್ಗದ ಮುಂದೆ, ಹನ್ನೊಂದನೆಯ ಎಳೆ ಹರಿದಾಗ ತಾನೂ ಹೀಗೆಯೇ ನೋಡಿಕೊಂಡಿದ್ದಳು.

"ಯಾವಳು ಹೇಳ್ತಾಳೋ ನೋಡ್ತೀನಿ," ಎಂದವಳೇ ಗಂಡನನ್ನು ಪಕ್ಕಕ್ಕೆ ಸರಿಸಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತಳು. ಕಣ್ಣು ಮುಚ್ಚಿ ಚೌಡೇಶ್ವರಿಗೆ ಕೈಮುಗಿದಳು. ಹಲಗೆ ತುಳಿದು ಲಾಳಿ ಓಡಿಸಿದಳು. ಒಂದು ಸಲ ಓಡಿತು, ಎರಡು ಸಲ ಓಡಿತು, ಮೂರನೆಯ ಸಲವೂ ಓಡಿತು. ನಾಲ್ಕನೆಯದಕ್ಕೆ ಟಪ್ಪೆಂದು ಒಂದು ಎಳೆ ಹರಿಯಿತು.

ಸೋಮಸುಂದರಂ ಮಗಳ ಮುಖ ನೋಡಿದ. ಮಗಳು ಅಮ್ಮನ ಮುಖ ನೋಡಿದಳು. ಶಿವಗಾಮಿ ಹರಿದ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಲ್ಲಿ ಬಿಡಿಸಿ ಚೆನ್ನಾಗಿ ಪರೀಕ್ಷೆ ಮಾಡಿದಳು. ಆಮೇಲೆ ಬೆರಳಿನ ಒಂದೇ ತಿರುವಿಗೆ ಎರಡು ತುದಿಗಳನ್ನೂ ಸೇರಿಸಿ, ತಲೆಯೆತ್ತದೆ ಕೇಳಿದಳು:

"ಏನ್ರೀ, ಈ ನೂಲು ಆರಿಸಿ ತಂದದ್ದು ಯಾರ ಕೈ?"

ಸೋಮಸುಂದರಂ ಮೆಲ್ಲಗೆ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.