ಚಂಪಾಬಾಯಿಯ ಎದೆ ಕೊಟ್ಟ ಹೇಳಿಕೆ

ಮುದುಕನ ನೆನಪು ಕೆಟ್ಟೈತಿ ಅಂತ ಹಲ್ಲು ಕಿಸೀಬ್ಯಾಡ್ರಿ; ನಾ ಚಂಪಾಬಾಯಿ ಹಿಂದ ಸಾಲಿನ್ಯಾಗ ನಿಂತಿದ್ದೆ!

ವಿಮಾ ಕಚೇರಿಯಲ್ಲಿ ಎಂದಿನಂತೆ ಪ್ರಯಾಣಿಕರ ಅಂಗಾಂಗಗಳನ್ನೇ ವಿಚಾರಿಸುತ್ತಿದ್ದರು. ಎಪ್ಪತ್ತೆರಡರ ಚಂಪಾಬಾಯಿ ಬೆವರುತ್ತ ಕೂತಿದ್ದಳು. ವಿಮೆ ಸಿಗದಿದ್ದರೆ ವಿಮಾನವಿಲ್ಲ. ಮಸ್ಕತ್ತಿನ ಆಸ್ಪತ್ರೆಯಲ್ಲಿ ಕೊನೆಯ ದಿನ ಎಣಿಸುತ್ತಿದ್ದ ತಂಗಿಯ ಮುಖವೂ ಇಲ್ಲ. ಅದಕ್ಕೇ ವಾರವಿಡೀ ಸಿಹಿ ಬಿಟ್ಟು, ಮೊಣಕಾಲಿಗೆ ಎಣ್ಣೆ ತಿಕ್ಕಿ, ಎಲ್ಲ ಅಂಗಗಳನ್ನೂ ಓಲೈಸಿದ್ದಳು.

ಗುಮಾಸ್ತ ಅಂಗಗಳ ಮಾತು ಕೇಳಿಸುವ ಕೊಳವೆಯನ್ನು ಮೊಣಕಾಲಿಗೆ ಹಿಡಿದ. "ಚಲೋ ಅದೀನ್ರಿ," ಎಂದಿತು ಮೊಣಕಾಲು.

ಎದೆಗೆ ಹಿಡಿದ. "ಎರಡು ಸಲ ನಿಂತು ಮತ್ತ ಶುರುವಾಗೇನ್ರಿ," ಹೃದಯ ಒಪ್ಪಿಕೊಂಡಿತು.

"ಬಾಯಿ ಮುಚ್ಚು, ಮನೆಮುರುಕಾ!" ಚಂಪಾಬಾಯಿ ಎದೆ ಗುದ್ದಿಕೊಂಡಳು.

"ಆಗಂಗಿಲ್ರಿ ಅಮ್ಮಾರ," ಗುಮಾಸ್ತ ಅರ್ಜಿ ಮಡಚಿದ.

"ತಡೀರಿ ಸಾಹೇಬ್ರ," ಎಂದಿತು ಹೃದಯ. "ಕಳಿಸಿದ್ರ ದಾರ್‍ಯಾಗ ನಿಲ್ತೀನೋ ಏನೋ ಗೊತ್ತಿಲ್ಲ. ಕಳಿಸದಿದ್ರ ಈಗ, ಇಲ್ಲೇ ನಿಲ್ತೀನಿ."

ಗುಮಾಸ್ತ ಮಡಚಿದ ಅರ್ಜಿ ಬಿಡಿಸಿ ಒಪ್ಪಿಗೆಯ ಠಸ್ಸೆ ಒತ್ತಿದ.

ಸುಳ್ಳು ಅನಿಸಿದ್ರ ನಿಮ್ಮ ಎದೀನ ಕೇಳ್ರಿ. ಖರೆ ಅಂದ್ರ, ನಾಕು ಮಂದಿಗೆ ಮುಟ್ಟಸ್ರಿ.